ಫಹ್ಮೀದಾ ಹೇಳಿದ ನಾಲ್ಕು ನಿಜ

ಗಂಡ ಬಚ್ಚಿಟ್ಟಿದ್ದನ್ನು ಹುಡುಕಿ ತೆಗೆಯುವುದು ಹೆಂಡತಿಯ ಹಕ್ಕು ಎಂದು ಫಹ್ಮೀದಾ ನಂಬಿದ್ದಳು. ಇಂಗ್ಲೆಂಡಿನ ಕಾನೂನು ಈ ಹಕ್ಕನ್ನು ಒಪ್ಪುವುದಿಲ್ಲ. ಗನ್ ಲೈಸೆನ್ಸ್ ಪಡೆದವನು ತನ್ನ ಗನ್‌ಗಳನ್ನು ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ ಇಡಬೇಕು, ಅದರ ಕೀಲಿ ಎಲ್ಲಿದೆಯೆಂದು ಅವನೊಬ್ಬನಿಗೇ ಗೊತ್ತಿರಬೇಕು, ಕಟ್ಟಿಕೊಂಡ ಹೆಂಡತಿಗೂ ಹೇಳಕೂಡದು. ಲೈಸೆನ್ಸ್ ಕೊಡುವ ಮುಂಚೆ ಮನೆ ನೋಡಲು ಬಂದಿದ್ದ ಪೊಲೀಸ್ ಅಧಿಕಾರಿ ಅವಳು ಕೊಟ್ಟ ಸಮೋಸಾ ತಿಂದು, ಚಹಾ ಕುಡಿದು, ಈ ಮಾತನ್ನು ಅವಳ ಮುಖಕ್ಕೇ ಹೇಳಿ ಹೋಗಿದ್ದ. ಅಂದಿನಿಂದ ಮ್ಯಾಕಲ್ಸ್‌ಫೀಲ್ಡಿನ ಆ ಮನೆಯಲ್ಲಿ ಸರ್ಕಾರವೇ ಕಾವಲು ನಿಂತ ಒಂದು ಗುಟ್ಟು ಸೇರಿಕೊಂಡಿತು.

ಅವಳ ಗಂಡ ಮನ್ಸೂರ್ ಊರಿನ ದೊಡ್ಡ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಗಂಗಾವತಿಯವನು. ಅವನ ಅಜ್ಜನ ಹತ್ತಿರ ಒಂದು ಜೋಡಿನಳಿಗೆ ಬಂದೂಕಿತ್ತು. ಪ್ರತಿ ಎಲೆಕ್ಷನ್ನಿಗೂ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಒಂದು ಸಲ ಇಟ್ಟದ್ದು ವಾಪಸ್ಸು ಬರಲೇ ಇಲ್ಲ. ಅಜ್ಜ ಠಾಣೆಗೆ ಅಲೆದು ಅಲೆದು ಸತ್ತ. ಮೊಮ್ಮಗನ ತಲೆಯಲ್ಲಿ ಮಾತ್ರ ಆ ಬಂದೂಕು ಉಳಿಯಿತು, ಇಂಗ್ಲೆಂಡಿಗೆ ಬಂದ ಮೇಲೆ ಎದ್ದು ಕೂತಿತು. ಮೊದಲು ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಕ್ಲಬ್ಬು. ಆಮೇಲೆ ಡರ್ಬಿಶೈರಿನ ಕಾಡಂಚಿನಲ್ಲಿ ಜಿಂಕೆ ಬೇಟೆ. ಬಿಸ್ಮಿಲ್ಲಾ ಹೇಳಿಯೇ ಟ್ರಿಗರ್ ಒತ್ತುತ್ತೇನೆ, ಮಾಂಸ ಹಲಾಲೇ ಎಂದು ಅವನ ವಾದ. ಫಹ್ಮೀದಾ ಅದನ್ನು ನಂಬಲಿಲ್ಲ. ಗ್ಯಾರೇಜಿನಲ್ಲಿ ಆ ಮಾಂಸಕ್ಕೆಂದೇ ಅವನೊಂದು ಫ್ರೀಜರ್ ತಂದಿಟ್ಟ, ಅದರ ಮುಚ್ಚಳವನ್ನು ಅವಳು ಕೈಯಿಂದಲೂ ಮುಟ್ಟಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಆಸಾಮಿ ಟೆಕ್ಸಸ್ ಜಪ ಶುರುಮಾಡಿದ. ಅಲ್ಲಿ ಪೊಲೀಸರು ಮನೆ ನೋಡಲು ಬರುವುದಿಲ್ಲವಂತೆ. ಬೀರು ಬೇಡವಂತೆ, ಮನಸ್ಸು ಸರಿಯಿದೆಯೆಂಬ ಡಾಕ್ಟರರ ಚೀಟಿ ಬೇಡವಂತೆ. ಕಾರಿನಲ್ಲಿ ಗನ್ ಇಟ್ಟುಕೊಂಡೇ ತರಕಾರಿ ತರಲು ಹೋಗಬಹುದಂತೆ. ಕಾಡುಹಂದಿ ಎಷ್ಟು ಬೇಕಾದರೂ ಹೊಡೆಯಬಹುದಂತೆ.

"ಹಂದಿ ಹೊಡೆದು ಏನ್ಮಾಡ್ತೀರಾ? ಬಿರಿಯಾನಿನಾ?" ಎಂದು ಅವಳು ಕೇಳಿದ್ದಳು.

"ಹೊಡೆಯೋದು ಬೇರೆ, ತಿನ್ನೋದು ಬೇರೆ," ಎಂದಿದ್ದ ಗಂಭೀರವಾಗಿ.

ನಕ್ಕು ಬಿಟ್ಟುಬಿಡುವ ವಿಷಯವಲ್ಲ ಅದು. ಮೈಸೂರಿನಲ್ಲಿ ಓದಿದ ಫಹ್ಮೀದಾ ವಿದನ್‌ಶಾದ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಪರೀಕ್ಷೆಯ ಮೇಲೆ ಪರೀಕ್ಷೆ, ಪಾಳಿಯ ಮೇಲೆ ಪಾಳಿ, ಹಬ್ಬದ ದಿನವೂ ಡ್ಯೂಟಿ. ಹಾಗೆ ವರ್ಷಗಟ್ಟಲೆ ದುಡಿದ ಮೇಲೆ ಈಗ ಕನ್ಸಲ್ಟೆಂಟ್ ಎಂಬ ಹಿರಿಯ ಹುದ್ದೆಯ ಸಂದರ್ಶನ ಮುಂದಿನ ತಿಂಗಳಿತ್ತು. ಅಮೆರಿಕಕ್ಕೆ ಹೋದರೆ ಇದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ ಕಲಿಯುವ ಹುಡುಗಿಯರ ಸಾಲಿನಲ್ಲಿ ನಿಲ್ಲಬೇಕು. ತಾನು ಕಷ್ಟಪಟ್ಟು ಕಟ್ಟಿದ್ದನ್ನು ಗಂಡ ಹಂದಿಗಳಿಗಾಗಿ ಕೆಡವುತ್ತಾನೆಂಬ ಯೋಚನೆಗೇ ಅವಳ ಮೈ ಉರಿಯುತ್ತಿತ್ತು.

ಕಳೆದ ರಂಜಾನಿನಲ್ಲಿ ದೊಡ್ಡ ಜಗಳವಾಯಿತು. ಮನೆಮಾತು ದಖನಿ ಉರ್ದು, ಮಗಳು ಸದಫ್‌ಗೆ ಅದು ಚೆನ್ನಾಗಿಯೇ ತಿಳಿಯುತ್ತಿತ್ತು. ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಆ ಮನೆಯಲ್ಲಿ ಜಗಳಗಳೆಲ್ಲ ಕನ್ನಡದಲ್ಲಿ. ಕೊನೆಗೆ ಮನ್ಸೂರ್ ಎರಡು ಮಾತು ಕೊಟ್ಟ. ಟೆಕ್ಸಸ್ ಮಾತು ಎತ್ತುವುದಿಲ್ಲ, ಮತ್ತು ಅವಳ ಸಂದರ್ಶನ ಮುಗಿಯುವ ತನಕ ಶನಿವಾರ ಕ್ಲಬ್ಬಿಗೆ ಹೋಗದೆ ಮಗಳನ್ನು ನೋಡಿಕೊಳ್ಳುತ್ತೇನೆ ಅಂತ.

ಮಾತು ಕೊಟ್ಟ ಗಂಡಸು ಸುಮ್ಮನಾದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಮನ್ಸೂರ್ ಎಷ್ಟು ಸುಮ್ಮನಾದನೆಂದರೆ ಫಹ್ಮೀದಾಗೆ ಓದಲು ಕೂತರೆ ಅಕ್ಷರ ಹತ್ತುತ್ತಿರಲಿಲ್ಲ. ಊಟವಾದ ಮೇಲೆ ಅವನು ಫೋನ್ ಹಿಡಿದು ಗ್ಯಾರೇಜಿಗೆ ಹೋಗುತ್ತಿದ್ದ. ಒಮ್ಮೆ ಬಟ್ಟೆ ಒಣಗಿಸುವ ನೆಪದಲ್ಲಿ ಬಾಗಿಲ ಬಳಿ ನಿಂತವಳಿಗೆ, "ಮೊದಲು ನಾನೊಬ್ಬನೇ ಬರುತ್ತೇನೆ, ಫ್ಯಾಮಿಲಿ ಆಮೇಲೆ," ಎಂದು ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಒಳಗೆ ಬಂದಾಗ ಯಾರದು ಫೋನು ಎಂದು ಕೇಳಿದಳು. "ಆಫೀಸಿಂದು," ಎಂದ. ಶನಿವಾರಗಳಂದು ಓವರ್‌ಟೈಮ್ ಶುರುವಾಯಿತು. ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸುತ್ತಿದ್ದಾರೆ, ತಪ್ಪಿಸಿಕೊಳ್ಳುವ ಹಾಗಿಲ್ಲ ಎನ್ನುವನು. ಯಂತ್ರ ಕೂರಿಸಲು ಹೋದವನು ಬಂದ ಕೂಡಲೇ ಬೂಟು ತೊಳೆದು ಒಣಗಿಸುವುದೇಕೆ? ಫಹ್ಮೀದಾ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ, ಆ ಸುಳ್ಳಿಗೆ ತಾನು ತಲೆಯಾಡಿಸಬೇಕಾಗುತ್ತದೆ.

ಆ ಶನಿವಾರ ಬೆಳಿಗ್ಗೆ ಸದಫ್ ಗೆಳತಿಯ ಮನೆಗೆ ಹೋಗಿದ್ದಳು. ಮನ್ಸೂರ್ ಓವರ್‌ಟೈಮಿಗೆ. ಫಹ್ಮೀದಾ ಪುಸ್ತಕ ಮುಚ್ಚಿಟ್ಟು ಕಾರ್ಖಾನೆಗೆ ಫೋನ್ ಮಾಡಿದಳು. ಇವತ್ತು ಯಾರಿಗೂ ಓವರ್‌ಟೈಮ್ ಇಲ್ಲ ಎಂದರು. ಗಂಡನ ಫೋನ್ ಸ್ವಿಚ್ ಆಫ್. ಅವಳಿಗೆ ಒಂದೇ ಯೋಚನೆ. ದೇಶ ಬಿಟ್ಟು ಹೋಗುವವನು ಮೊದಲು ಏನು ಮಾಡುತ್ತಾನೆ? ಗನ್‌ಗಳನ್ನು ಮಾರುತ್ತಾನೆ. ಬೀರುವಿನಲ್ಲಿ ಗನ್ ಇದ್ದರೆ ಗಂಡ ಇದ್ದಾನೆ, ಇಲ್ಲದಿದ್ದರೆ ಟೆಕ್ಸಸ್ಸಿಗೆ ಹೊರಟ ಹಾಗೆಯೇ.

ಕೀಲಿ ಹುಡುಕತೊಡಗಿದಳು. ಅವನ ಕೋಟುಗಳು, ಶೂ ಪೆಟ್ಟಿಗೆಗಳು, ನಮಾಜಿಗೆ ಹಾಸುವ ಜಾನಮಾಜಿನ ಮಡಿಕೆ, ಗೋಡೆಗಡಿಯಾರದ ಬೆನ್ನು. ಎಲ್ಲೂ ಇಲ್ಲ. ಕೊನೆಗೆ ಗ್ಯಾರೇಜಿನ ಮಧ್ಯೆ ನಿಂತು, ನಾನು ಯಾವುದನ್ನು ಮುಟ್ಟುವುದಿಲ್ಲ ಅಂತ ಇವನಿಗೆ ಗೊತ್ತು ಎಂದು ಯೋಚಿಸಿದಳು. ಫ್ರೀಜರಿನ ಮುಚ್ಚಳ ತೆಗೆದು, ಜಿಂಕೆ ಮಾಂಸದ ಗಡ್ಡೆಗಳ ಕೆಳಗೆ ಮೊಣಕೈವರೆಗೆ ಕೈಹಾಕಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕೀಲಿ ಬೆರಳಿಗೆ ಸಿಕ್ಕಿತು. ಗೆದ್ದೆ ಅನ್ನಿಸಿ ಒಂದು ಗಳಿಗೆ ಖುಷಿಯೂ ಆಯಿತು ಅವಳಿಗೆ.

ಬೀರು ಖಾಲಿಯಾಗಿತ್ತು.

ಈಗ ಫಹ್ಮೀದಾಳ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಆಪರೇಷನ್ ಥಿಯೇಟರಿನಲ್ಲಿ ಮಾರ್ಫಿನ್ ಇಡುವ ಬೀರುವಿಗೂ ಹೀಗೆಯೇ ಬೀಗ, ಹೀಗೆಯೇ ಕೀಲಿಯ ಕಟ್ಟುನಿಟ್ಟು. ಒಂದು ಶೀಶೆ ಕಾಣದಿದ್ದರೆ ಯಾರಾದರೂ ತೆಗೆದುಕೊಂಡಿರಬಹುದು, ಸಂಜೆ ನೋಡೋಣ ಎನ್ನುವಂತಿಲ್ಲ. ತಕ್ಷಣ ತಿಳಿಸಬೇಕು. ವರ್ಷಗಳಿಂದ ಅದೇ ಅಭ್ಯಾಸವಾಗಿ ಅವಳ ಕೈ ತಲೆಗಿಂತ ಮುಂಚೆ ಫೋನಿಗೆ ಹೋಯಿತು. ತಲೆಯೂ ತನ್ನ ಪಾಲಿನ ಲೆಕ್ಕ ಹಾಕಿತು. ಕಳುವಾಗಿದ್ದರೆ ಪೊಲೀಸರಿಗೆ ಹೇಳಲೇಬೇಕು, ಮಾರಿದ್ದರೆ ಅದು ಪೊಲೀಸರಿಗೆ ಗೊತ್ತಿರಲೇಬೇಕು. ಗಂಡ ಬಾಯಿ ಬಿಡದ್ದನ್ನು ಅವರಾದರೂ ಹೇಳಿಯಾರು. ಗನ್‌ಗಳನ್ನು ಅವನೇ ಹೊತ್ತುಕೊಂಡು ಹೋಗಿರಬಹುದೆಂಬ ಸರಳ ಮಾತೂ ತಲೆಗೆ ಹೊಳೆಯದೆ ಇರಲಿಲ್ಲ. ಓವರ್‌ಟೈಮ್ ಅಂತ ಹೇಳಿ ಹೋದವನನ್ನು ಕಾಪಾಡುವ ಕೆಲಸ ತನ್ನದಲ್ಲ ಎಂದು ಅದನ್ನು ಪಕ್ಕಕ್ಕೆ ತಳ್ಳಿದಳು.

ಪೊಲೀಸರ ಕಡೆಯಿಂದ ಫೋನ್ ಎತ್ತಿದ ಹೆಂಗಸು ಏನಾಯಿತು ಎಂದು ಕೇಳಿದಳು. ಫಹ್ಮೀದಾ ರೋಗಿಯ ಸ್ಥಿತಿ ವಿವರಿಸುವಂತೆ ಹೇಳಿದಳು. ಇಂಥ ಕಡೆ ಅಳಬಾರದು, ಕಥೆ ಹೊಡೆಯಬಾರದು, ಮುಖ್ಯವಾದದ್ದನ್ನಷ್ಟೇ ಸ್ಪಷ್ಟವಾಗಿ ಹೇಳಬೇಕು. ನನ್ನ ಗಂಡನ ಎರಡು ಗನ್ ಬೀರುವಿನಲ್ಲಿಲ್ಲ, ಒಂದು ಶಾಟ್‌ಗನ್, ಒಂದು ರೈಫಲ್. ಕೆಲಸಕ್ಕೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ, ಫೋನ್ ಆಫ್ ಆಗಿದೆ. ನನಗೆ ತಿಳಿಸದೆ ದೇಶ ಬಿಟ್ಟು ಹೋಗಲು ತಯಾರಿ ನಡೆಸಿದ್ದಾನೆ. ಬಚ್ಚಿಟ್ಟಿದ್ದ ಕೀಲಿಯನ್ನು ನಾನೇ ಹುಡುಕಿ ಬೀರು ತೆಗೆದು ನೋಡಿದೆ.

ನಾಲ್ಕೂ ನಿಜ. ಅವನು ಹಕ್ಕಿಮರಿಗೆ ಪೆಟ್ಟಾದರೂ ಮನೆಗೆ ತಂದು ಸಾಕುವವನು, ಮಗಳ ಜಡೆ ಹೆಣೆಯುವವನು, ಅಜ್ಜನ ಬಂದೂಕಿನ ಹುಚ್ಚು ಬಿಟ್ಟರೆ ಇನ್ನೊಂದು ಹುಚ್ಚಿಲ್ಲದವನು. ಅವೂ ನಿಜವೇ. ಅವನ್ನು ಅವಳು ಸೇರಿಸಲಿಲ್ಲ.

ಆ ಕಡೆಯ ಹೆಂಗಸು ಗಂಡನ ಹೆಸರು ಕೇಳಿದಳು. ಮನ್ಸೂರ್ ಅಹ್ಮದ್ ಎಂದಳು ಫಹ್ಮೀದಾ. ಅಕ್ಷರ ಬಿಡಿಸಿ ಹೇಳಿ ಎಂದಳು ಆ ಹೆಂಗಸು. ಹೇಳಿದಳು. ಆಮೇಲೆ ಆ ದನಿ ಮೆತ್ತಗಾಯಿತು. ಅವರಿಂದ ನಿಮಗಾಗಲಿ, ಇನ್ಯಾರಿಗಾಗಲಿ ಅಪಾಯವಾದೀತೆಂಬ ಭಯ ಇದೆಯೇ ಎಂದು ಕೇಳಿತು.

ತಾನು ಯಾರ ಮನೆಯ ಯಾವ ಗಂಡಸಿನ ಬಗ್ಗೆ, ಯಾವ ಕಾಲದಲ್ಲಿ ಏನು ಹೇಳಿದೆ ಎಂಬುದು ಆಗ ಒಮ್ಮೆಲೇ ಫಹ್ಮೀದಾಳ ಕಣ್ಣಿಗೆ ಕಟ್ಟಿತು. ಆ ಹೆಂಗಸು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕಾಯಿತು. "ಇಲ್ಲ," ಎಂದಳು ಫಹ್ಮೀದಾ ಆಮೇಲೆ. "ಖಂಡಿತ ಇಲ್ಲ. ಅವರು ಅಂಥವರಲ್ಲ." ಆ ಕಡೆಯ ಹೆಂಗಸು ಥ್ಯಾಂಕ್ಸ್ ಹೇಳಿ, ಮನೆಯಲ್ಲೇ ಇರಿ ಎಂದಳು.

ಮಧ್ಯಾಹ್ನ ಮನ್ಸೂರನ ಕಾರು ಬಂತು. ಮನ್ಸೂರ್ ಒಳಗೆ ಬಂದು ಮೆಟ್ಟಿಲ ಮೇಲೆ ಕೂತ. ಬೂಟಿನ ತುಂಬ ಕೆಸರಿತ್ತು, ಬಿಚ್ಚಲಿಲ್ಲ. ಪ್ಯಾಂಟಿನ ಮೊಣಕಾಲೂ ಕೆಸರಾಗಿತ್ತು. ಕ್ಲಬ್ಬಿನಲ್ಲಿದ್ದೆ ಎಂದ. ಲೈಸೆನ್ಸಿನ ಕಡತದಲ್ಲಿದ್ದ ಕ್ಲಬ್ಬಿನ ವಿಳಾಸ ನೋಡಿ ಪೊಲೀಸರ ಎರಡು ಕಾರು ಬಂದವು ಎಂದ. ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದ ಹೊತ್ತು. ಗನ್ ಕೆಳಗಿಟ್ಟು ಮಂಡಿಯೂರಲು ಹೇಳಿದರು, ಮಂಡಿಯೂರಿದ. ಅವನಿಗೆ ಗನ್ ಹಿಡಿಯಲು ಕಲಿಸಿದ, ಅವನ ಮನೆಯ ಈದ್ ಊಟಕ್ಕೆ ಬಂದುಹೋಗಿದ್ದ ಮುದುಕ ಕಾಲಿನ್, ಕೈಯಲ್ಲಿ ಚಹಾದ ಕಪ್ಪು ಹಿಡಿದು ನಿಂತೇ ಇದ್ದ. ಪೊಲೀಸರು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಎಲ್ಲ ವಿಚಾರಿಸಿ ಬಿಟ್ಟು ಕಳಿಸಿದರು. ಆದರೆ ಕೀಲಿ ಹೆಂಡತಿಗೆ ಸಿಕ್ಕಿತೆಂದ ಮೇಲೆ ಗನ್‌ಗಳನ್ನು ವಾಪಸ್ಸು ಕೊಡುವಂತಿಲ್ಲ, ಲೈಸೆನ್ಸೂ ಉಳಿಯುವುದು ಕಷ್ಟ ಎಂದರಂತೆ.

"ನಾನೊಬ್ಬನೇ ಅಲ್ಲಿ ಮಂಡಿ ಊರಿದವ," ಎಂದ. "ಅವರೆಲ್ಲರ ಹತ್ರಾನೂ ಗನ್ ಇತ್ತು."

ಸಿಟ್ಟು ಬಂದಾಗ ಮಾತ್ರ ಅವನ ಮಾತು ಗಂಗಾವತಿಗೆ ತಿರುಗುತ್ತಿತ್ತು. ಇಂದು ಸಿಟ್ಟಿಲ್ಲದೆಯೂ ತಿರುಗಿತ್ತು.

"ಏನಂತ ಹೇಳಿದಿ ಅವರಿಗೆ?"

ಫಹ್ಮೀದಾ ಹೇಳಿದಳು. ಒಂದೂ ಬಿಡದೆ, ಹೇಳಿದ ಹಾಗೆಯೇ.

"ಎಲ್ಲಾ ಖರೇನ ಐತಿ," ಎಂದ ಮನ್ಸೂರ್. "ಹ್ಯೂಸ್ಟನ್‌ದಾಗ ಕೆಲಸ ಸಿಕ್ಕಿತ್ತು. ನಿನಗ ಹೇಳಾಕ ಧೈರ್ಯ ಬರಲಿಲ್ಲ. ಸುಳ್ಳು ಹೇಳಿದ್ದು ತಪ್ಪ."

"ಅವರು ಕೇಳಿದ್ರು, ನಿಮ್ಮಿಂದ ಏನಾದ್ರೂ ಅಪಾಯ ಆಗುತ್ತೆ ಅಂತ ಭಯ ಇದೆಯಾ ಅಂತ. ನಾನು ಇಲ್ಲ ಅಂದೆ. ಖಂಡಿತ ಇಲ್ಲ ಅಂದೆ, ರೀ."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಲಗೂನ ಅಂದೇನು? ಕೇಳಿದ ಕೂಡ್ಲೇ?"

ಫಹ್ಮೀದಾ ಕಣ್ಣು ತಗ್ಗಿಸಿ ಅವನ ಬೂಟಿನ ಕೆಸರು ನೋಡಿದಳು. ಮನ್ಸೂರ್ ಸಾಕು ಎನ್ನುವಂತೆ ತಲೆಯಾಡಿಸಿ ಬೂಟಿನ ಲೇಸು ಬಿಚ್ಚತೊಡಗಿದ. ಅವಳು ಅವನ ಪಕ್ಕ ಕೂತು ಅತ್ತಳು. ಮಾಫ್ ಮಾಡಿ ಎಂದಳು, ಗೊತ್ತಾಗಲಿಲ್ಲ ಎಂದಳು, ಸಿಟ್ಟಿನಲ್ಲಿ ಮಾಡಿಬಿಟ್ಟೆ ಎಂದಳು. ಅವನು ಅವಳ ಬೆನ್ನು ಸವರಿದ. ದೂರ ಸರಿದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಟೆಕ್ಸಸ್ ಚಿಂತಿ ಬಿಡು," ಎಂದ. "ಸೋಮವಾರ ಬ್ಯಾಡ ಅಂತ ಹೇಳ್ತೀನಿ. ಅಲ್ಲಿ ಎಲ್ಲಾರ ಹತ್ರಾನೂ ಗನ್ ಇರತಾವ. ಯಾರರೆ ಇವತ್ತಿನಂಗ ಒಂದು ಫೋನ್ ಮಾಡಿದ್ರ, ಮಂಡಿ ಊರಾಕ ಅಷ್ಟು ಟೈಮ್ ಕೊಡ್ತಾರೋ ಇಲ್ಲೋ."

ಸೋಮವಾರ ಹೇಳಿದಂತೆಯೇ ಮಾಡಿದ. ಫಹ್ಮೀದಾಗೆ ಕನ್ಸಲ್ಟೆಂಟ್ ಹುದ್ದೆ ಸಿಕ್ಕಿತು. ಮನೆ ಮಾರಬೇಕಾಗಲಿಲ್ಲ, ಸದಫ್‌ಳ ಶಾಲೆ ಬದಲಾಗಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಕೈಕುಲುಕಿದರು. ಮನ್ಸೂರ್ ಕೇಕು ತಂದ, ಮಗಳ ಮುಂದೆ ಅವಳಿಗೆ ತಿನ್ನಿಸಿದ. ಅವಳು ದುವಾದಲ್ಲಿ ಬೇಡಿಕೊಂಡದ್ದೆಲ್ಲ ಒಂದೊಂದಾಗಿ ಕೈಗೆ ಬಂದು ಕೂತಿತ್ತು, ಆದರೂ ಉಳಿದ ಕೇಕಿನ ತುಂಡನ್ನು ಅವಳು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಶನಿವಾರ. ಅವಳು ಅಡುಗೆಮನೆಯಲ್ಲಿ ಪರಾಠ ಬೇಯಿಸುತ್ತಿದ್ದಾಗ ಮನ್ಸೂರ್ ಕೋಟು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಬೂಟು ಶುಭ್ರವಾಗಿತ್ತು. ಕ್ಷೌರಕ್ಕೆ ಹೋಗುತ್ತಿದ್ದೇನೆ, ಸ್ಟೇಷನ್ ಹತ್ತಿರದ ಅಂಗಡಿಗೆ, ಅಲ್ಲಿಂದ ಮಾಂಸದಂಗಡಿಗೆ, ಮಧ್ಯಾಹ್ನದ ಜೊಹರ್ ನಮಾಜಿಗೆ ಮುಂಚೆ ಬರುತ್ತೇನೆ, ಫೋನ್ ಆನ್ ಇರುತ್ತದೆ ಎಂದ. ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ. ಸ್ವಚ್ಛವಾದ ಬೆಂಗಳೂರು ಕನ್ನಡದಲ್ಲಿ, ಹೊರಗಿನವರ ಹತ್ತಿರ ಮಾತಾಡುವ ಹಾಗೆ ಹೇಳಿದ. ಹೇಳಿ ಹೊರಡದೆ ಅಲ್ಲೇ ನಿಂತ. ಅವಳು ಒಲೆ ಸಣ್ಣ ಮಾಡಿ ತಿರುಗಿ ನೋಡಿದಳು.

"ಇನ್ನೇನಾದ್ರೂ ಕೇಳೋದಿದೆಯಾ?" ಎಂದು ಕೇಳಿ, ಅವಳ ಉತ್ತರಕ್ಕಾಗಿ ಕಾಯುತ್ತ ನಿಂತ.