ಓಡುವ ಮಷಿನ್ನಿಗೆ ಪೂಜೆ

ಚಾಮರಾಜಪೇಟೆಯ ಆ ಹಳೇ ಕಟ್ಟಡದ ನೆಲಮಾಳಿಗೆಗೆ ಮೊದಲು ಬಂದದ್ದು ಬೀರುವಿನಷ್ಟು ದೊಡ್ಡ ಒಂದೇ ಒಂದು ಸರ್ವರ್ ರ‍್ಯಾಕು. ಜನ ನೋಡುವ ವಿಡಿಯೋಗಳನ್ನು ಪ್ರತಿ ಸಲ ದೂರದಿಂದ ತರಿಸುವ ಬದಲು ಇಲ್ಲೇ ತುಂಬಿಟ್ಟುಕೊಳ್ಳೋಣವೆಂದು ದೊಡ್ಡ ಇಂಟರ್ನೆಟ್ ಕಂಪನಿಯೊಂದು ಅದನ್ನು ಇಟ್ಟಿತ್ತು. ಜನ ಸುಮ್ಮನಿದ್ದಾರೆಯೇ? ತಿಂದ ಇಡ್ಲಿ, ಮಗುವಿನ ತೊದಲು, ನಾಯಿಯ ಆಕಳಿಕೆ, ಎಲ್ಲವನ್ನೂ ಏರಿಸಿದರು, ಎಲ್ಲವನ್ನೂ ನೋಡಿದರು. ರ‍್ಯಾಕುಗಳು ಹೆಚ್ಚುತ್ತಾ ಹೋದವು. ಈ ದಸರಾ ಹೊತ್ತಿಗೆ ಪಕ್ಕದ ಗೋಡೌನನ್ನೂ ನುಂಗಿ ಗಾಜಿನ ಬಾಗಿಲಿನ ಒಳಕೋಣೆಯೊಂದು ಹುಟ್ಟಿತ್ತು. ಬಕಾಸುರನ ಹೊಟ್ಟೆ ಎಂದಾದರೂ ತುಂಬೀತೆ?

ಈ ಬಕಾಸುರನನ್ನು ನೋಡಿಕೊಳ್ಳುವ ಕೆಲಸ ಮೀನಾಳದು. ಆಯುಧಪೂಜೆಯ ಬೆಳಿಗ್ಗೆ ಅವಳ ತಾಯಿ ಅಂಜಿನಮ್ಮ ಸಾಂಬ್ರಾಣಿಯ ಧೂಪ ಹಿಡಿದು ಬಂದರು. ಅವೆನ್ಯೂ ರಸ್ತೆಯ ಬೈಂಡಿಂಗ್ ಅಂಗಡಿಯಲ್ಲಿ ಆಯಸ್ಸು ಸವೆಸಿದ ಜೀವ, ಪೂಜೆಯೆಂದರೆ ಶಿಸ್ತು.

"ಮಷಿನ್ ನಿಲ್ಸೇ. ಓಡೋ ಮಷಿನ್‌ಗೆ ಯಾರಾದ್ರೂ ಕುಂಕುಮ ಇಡ್ತಾರಾ?"

"ಇದನ್ನ ನಿಲ್ಸಂಗಿಲ್ಲಮ್ಮ. ಒಂದ್ಸಲ ನಿಂತ್ರೆ ನನ್ ಕೆಲ್ಸಾನೇ ಹೋಗತ್ತೆ. ಮ್ಯಾನೇಜರ್ ಕೇದಾರ್ ಸರ್ ಹೇಳಿದಾರೆ."

ಅಂಜಿನಮ್ಮ ಮೂತಿ ತಿರುವಿ, ಧೂಪ ಹಿಡಿದು ಒಳಕೋಣೆಗೆ ನಡೆದರು. ಉಳಿದವರೆಲ್ಲ ಬೀದಿಯಲ್ಲಿ ಬೂದುಗುಂಬಳ ಒಡೆಯುವ ಸಂಭ್ರಮದಲ್ಲಿದ್ದರು.

ನೀರು ಬಿದ್ದರೆ ಸರ್ವರ್ ಹಾಳೆಂದು ಇಂಥ ಕಡೆ ಬೆಂಕಿಯನ್ನು ಗ್ಯಾಸ್ ಬಿಟ್ಟು ಆರಿಸುತ್ತಾರೆ. ಬೆಂಕಿಯ ಉಸಿರು ಕಟ್ಟಿಸುವ ಗ್ಯಾಸು ಮನುಷ್ಯರದ್ದನ್ನೂ ಬಿಡುವುದಿಲ್ಲ. ಅದಕ್ಕೇ ಮೀನಾ ಪ್ರತಿ ವರ್ಷ ಪೂಜೆಗೆ ಮೊದಲು ಹೊಗೆ ಪತ್ತೆಹಚ್ಚಿ ಗ್ಯಾಸ್ ಬಿಡಿಸುವ ಯಂತ್ರವನ್ನು ಆಫ್ ಮಾಡುತ್ತಿದ್ದಳು. ಈ ಸಲವೂ ಮಾಡಿದ್ದಳು. ಆದರೆ ಹೊಸ ಕೋಣೆಗೆ ಹೊಸದೇ ಯಂತ್ರವಿತ್ತು. ಅದು ಅವಳಿಗೆ ನೆನಪಾದದ್ದು ಸೈರನ್ ಕೂಗಿದಾಗ.

ಬಾಗಿಲ ಪಕ್ಕದ ಗೋಡೆಗೆ ಹಾರಿ ತಡೆಗುಂಡಿ ಒತ್ತಿದಳು. ಒತ್ತಿ ಹಿಡಿದಷ್ಟು ಹೊತ್ತು ಗ್ಯಾಸ್ ಬರದು. ಬೆರಳು ತೆಗೆದರೆ ಬಂತು.

"ಅಮ್ಮಾ! ಹೊರಗ್ ಬಾ!"

ಗಾಜಿನಾಚೆ, ಕೊನೆಯ ಸಾಲಿನಲ್ಲಿ ಅಂಜಿನಮ್ಮ ಬೆನ್ನು ಹಾಕಿ ಒಂದೊಂದೇ ರ‍್ಯಾಕಿಗೆ ಕುಂಕುಮ ಇಡುತ್ತಿದ್ದರು. ಒಳಗೆ ಅಷ್ಟೂ ಫ್ಯಾನುಗಳ ಮೊರೆತ. ಸೈರನ್ನೇ ಅದರಲ್ಲಿ ಮುಳುಗಿಹೋಗಿತ್ತು, ಮಗಳ ಕೂಗು ಯಾವ ಲೆಕ್ಕ? ಗಾಜನ್ನು ಒದ್ದಳು. ಬೀದಿಯತ್ತ ತಿರುಗಿ ಕಿರುಚಿದಳು. ಅಲ್ಲಿ ಪಟಾಕಿ ಹೊಡೆಯುತ್ತಿದ್ದರು, ಹಾಳಾದವರು. ಬೆವರಿಗೆ ಹೆಬ್ಬೆರಳು ಜಾರತೊಡಗಿತು.

ಎಡಗೈಗೆ ಎಟುಕುವಷ್ಟು ದೂರದಲ್ಲಿ ಕೆಂಪು ಹಿಡಿಯಿತ್ತು. ಎಳೆದರೆ ಇಡೀ ನೆಲಮಾಳಿಗೆಯ ಕರೆಂಟು ಹೋಗುತ್ತದೆ, ಬ್ಯಾಟರಿಯಲ್ಲಿ ನಡೆಯುವ ಗ್ಯಾಸಿನ ಯಂತ್ರವೊಂದು ಬಿಟ್ಟು ಫ್ಯಾನು, ರ‍್ಯಾಕುಗಳೆಲ್ಲ ಸಾಯುತ್ತವೆ. ಆಮೇಲೆ ಕೇದಾರ್, ಆಮೇಲೆ ಮನೆಯಲ್ಲಿ ಕೂರುವುದು. ಅವಳು ಅಷ್ಟು ಯೋಚಿಸಿದ್ದೂ ಹೆಚ್ಚೇ. ಎಳೆದುಬಿಟ್ಟಳು.

ಮೊರೆತ ಇಳಿಯಿತು, ನರಳಿತು, ನಿಂತಿತು, ಸೈರನ್ನೂ ಅಡಗಿತು. ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಅಂಜಿನಮ್ಮ ತಿರುಗಿದರು. ಮುಖದಲ್ಲಿ ಎಂಥ ಸಂತೋಷ!

"ನಿಲ್ಸಿದ್ಯಾ? ಹಾಂ, ಇದು ಪದ್ಧತಿ. ಇರು, ಮಂಗಳಾರತಿ ಎತ್ತಿ ಬರ್ತೀನಿ."

"ಬೇಡಮ್ಮಾ! ಈಗ್ಲೇ ಬಾ!"

"ದೇವ್ರ ಕೆಲ್ಸ ಅರ್ಧಕ್ಕೆ ಬಿಡಬಾರದು ಕಣೇ." ಮತ್ತೆ ಬೆನ್ನು ತಿರುಗಿಸಿದರು.

"ನನ್ನಾಣೆಗೂ ಬಾರಮ್ಮ!"

ಮಗಳ ತಲೆಯ ಮೇಲಿನ ಆಣೆಯನ್ನು ಅಂಜಿನಮ್ಮ ಎಂದೂ ಮೀರಿದವರಲ್ಲ. ಗೊಣಗುತ್ತಲೇ ಹೊರಬಂದರು. ಮೀನಾ ಕಾಲಿನಿಂದ ಬಾಗಿಲು ನೂಕಿ ಮುಚ್ಚಿದಳು. ಮರಗಟ್ಟಿದ ಹೆಬ್ಬೆರಳು ತಾನಾಗಿ ಜಾರಿತು. ಒಳಗೆ ಏನೋ ಸಿಡಿದ ಸದ್ದಾಗಿ ಗ್ಯಾಸು ನುಗ್ಗಿ ಗಾಜು ಪೂರ್ತಿ ಬೆಳ್ಳಗಾಯಿತು.

ಅಂಜಿನಮ್ಮ ಆ ಬಿಳುಪನ್ನು ನೋಡಿದರು, ಮಗಳ ಮುಖ ನೋಡಿದರು. ಧೂಪ ಕೆಳಗಿಟ್ಟು ಗೋಡೆಗೊರಗಿ ಕುಳಿತುಬಿಟ್ಟರು.

ಫೋನು ಬಡಿದುಕೊಂಡಿತು. ಕೇದಾರ್.

"ಮೀನಾ, ಎಲ್ಲಾ ಡೌನ್! ಯಾರು ಆಫ್ ಮಾಡಿದ್ದು?"

"ನಾನೇ ಸರ್." ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಇವತ್ತು ಆಯುಧಪೂಜೆ. ನಮ್ಮನೇಲಿ ಮಷಿನ್ ನಿಲ್ಸಿನೇ ಪೂಜೆ ಮಾಡೋದು."

ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.