ಊಟದ ನಂತರದ ರಕ್ತ

ಜಹ್ಲೆ ಪಟ್ಟಣದಲ್ಲಿ ನನ್ನ ಮಾಂಸದಂಗಡಿಗೆ ಬೆಳಿಗ್ಗೆ ಏಳಕ್ಕೇ ಜನ ಮುತ್ತುತ್ತಾರೆ. ಹಸಿ ಲಿವರ್, ಈರುಳ್ಳಿ, ಪುದೀನ, ರೊಟ್ಟಿ: ಇಲ್ಲಿನ ಬೆಳಗಿನ ತಿಂಡಿಯೇ ಅದು. ಈ ಊರಿನವರ ಮೈಯಲ್ಲಿ ರಕ್ತ ಓಡುವುದೇ ನನ್ನಿಂದ ಎಂಬ ಜಂಬ ನನಗೆ. ಹಾಗಾಗಿ ಒಂದೂವರೆ ಕಿಲೋದ ಬಿಳಿ ನಾಯಿ ಲೂಲೂ ಸೊರಗಿ, ಗೋಡೆಗೆ ಹಣೆ ಒತ್ತಿ ನಿಲ್ಲತೊಡಗಿದಾಗ ಅದಕ್ಕೂ ಅದನ್ನೇ ಕೊಟ್ಟೆ. ದಿನಾ ಬೆಳಿಗ್ಗೆ ಎಳೆ ಕುರಿಯ ಲಿವರ್, ನನ್ನ ಕೈಯಾರೆ.

ಲೂಲೂ ನನ್ನ ಹೆಂಡತಿ ವಿದಾದಳ ನಾಯಿ. ಲಕ್ವ ಹೊಡೆದು ಐದು ತಿಂಗಳು ಮೂಕಿಯಾಗಿದ್ದವಳು ಮೊದಲು ಆಡಿದ ಮಾತು ‘ಲೂಲೂ’. ನನ್ನ ಹೆಸರಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಈಗ ಅವಳ ಬಾಯಲ್ಲಿ ಎಂಟು ಹತ್ತು ಮಾತಿವೆ, ಎಲ್ಲವೂ ಆ ನಾಯಿಗೇ ಮೀಸಲು. ಅದು ಸತ್ತರೆ ಆ ಮಾತುಗಳೂ ಸಾಯುತ್ತವೆ ಎಂಬ ಭಯ ನನಗೆ.

ನಾಯಿ ಡಾಕ್ಟರ್ ಕಾರ್ಲಾ ಲೂಲೂನ ಹೊಟ್ಟೆ ಮುಟ್ಟಿ ನೋಡಿದಳು. “ಇಂಥ ಸಣ್ಣ ಜಾತಿಗೆ ಹುಟ್ಟಿನಿಂದ್ಲೇ ಲಿವರ್ ತೊಂದ್ರೆ ಇರಬಹುದು, ಯಜಮಾನ್ರೇ. ರಕ್ತ ಲಿವರ್ ಒಳಗೆ ಹೋಗ್ದೆ ಅಡ್ಡದಾರಿ ಹಿಡಿಯತ್ತೆ. ಆಗ ರಕ್ತದಲ್ಲಿ ಸೇರೋ ನಂಜು, ಅಮೋನಿಯಾ, ನೋಡೋಣ ಅಂದ್ರೆ ರಕ್ತಾನ ಐಸಲ್ಲಿಟ್ಟು ಅರ್ಧ ಗಂಟೇಲಿ ಲ್ಯಾಬಿಗೆ ಮುಟ್ಟಿಸ್ಬೇಕು. ಲ್ಯಾಬ್ ಬೆಟ್ಟದಾಚೆ ಬೈರುತ್ ನಗರದಲ್ಲಿದೆ. ಸ್ಕ್ಯಾನಲ್ಲಿ ಆ ಅಡ್ಡದಾರಿಯ ಸಣ್ಣ ನಾಳ ಹುಡುಕೋ ಅನುಭವ ನಂಗಿಲ್ಲ.”

“ಮತ್ತಿನ್ನೇನು, ಕಾಫಿ ಕಪ್ಪಿನ ಗಷ್ಟು ನೋಡಿ ಕಣಿ ಹೇಳ್ತೀಯೇನಮ್ಮಾ?”

“ಪಿತ್ತದ ಆಮ್ಲದ ಪರೀಕ್ಷೆ ಇದೆ. ಖಾಲಿ ಹೊಟ್ಟೇಲಿ ಒಂದ್ಸಲ ರಕ್ತ, ಊಟ ಆಗಿ ಎರಡು ಗಂಟೆಗೆ ಇನ್ನೊಂದ್ಸಲ. ಎರಡನ್ನೂ ಹೋಲಿಸಿದ್ರೆ ಲಿವರ್ ಸೋಸ್ತಿದ್ಯೋ ಇಲ್ವೋ ಗೊತ್ತಾಗತ್ತೆ. ಆ ರಕ್ತ ಬೇಗ ಕೆಡಲ್ಲ, ಕಳಿಸ್ಬಹುದು. ಅಲ್ಲೀವರೆಗೂ ಮಾಂಸ ಮುಟ್ಟಿಸ್ಬೇಡಿ.”

“ಮಾಂಸದಂಗಡಿಯವನ ಮನೆ ನಾಯಿ ಹುಲ್ಲು ತಿನ್ನುತ್ತೇನಮ್ಮಾ?” ಎಂದು ನಕ್ಕೆ. ಆದರೂ ಆ ಪರೀಕ್ಷೆಯನ್ನೇ ಆರಿಸಿದೆ.

ಮರುದಿನ ಬೆಳಿಗ್ಗೆ ಲೂಲೂಗೆ ಏನೂ ಕೊಡಲಿಲ್ಲ. ಆಶ್ಚರ್ಯ, ಅದು ಮನೆಯೆಲ್ಲ ಓಡಾಡಿತು, ವಿದಾದಳ ಚಪ್ಪಲಿ ಎಳೆದಾಡಿತು. ಅವಳು ಅರ್ಧ ಮುಖದಲ್ಲೇ ನಕ್ಕಳು. ಪರೀಕ್ಷೆಗೆ ಹೆದರಿ ಕಾಯಿಲೆಯೇ ಓಡಿಹೋಯಿತು ಅಂದುಕೊಂಡೆ, ಮೂರ್ಖ.

ಆಸ್ಪತ್ರೆಯಲ್ಲಿ ಮೊದಲ ರಕ್ತ ತೆಗೆದ ಕಾರ್ಲಾ ಒಂದು ಡಬ್ಬಿ ಆಹಾರ ಕೊಟ್ಟು ಒಳಗೆ ಹೋದಳು. ಲೂಲೂ ಮೂಸಿ ಮುಖ ತಿರುಗಿಸಿತು. ತಿನ್ನದಿದ್ದರೆ ಎರಡನೇ ರಕ್ತ ತೆಗೆದು ಏನು ಪ್ರಯೋಜನ? ಬೇಡಿದೆ, ಗದರಿಸಿದೆ. ಕೊನೆಗೆ ಕೋಟಿನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದೆ. ಅದರಲ್ಲಿದ್ದ ಲಿವರನ್ನು ಲೂಲೂ ಗಬಗಬ ನುಂಗಿ ನನ್ನ ಬೆರಳೂ ನೆಕ್ಕಿತು.

ಒಂದು ಗಂಟೆ ಕಳೆದಿರಬೇಕು. ಲೂಲೂ ಸುತ್ತಿದಲ್ಲೇ ಸುತ್ತತೊಡಗಿತು. ಗೋಡೆಗೆ ಹಣೆ ಒತ್ತಿತು. ಜೊಲ್ಲು ಸುರಿಸುತ್ತ ಬಿದ್ದು ಕಾಲು ಸೆಟೆದುಕೊಂಡಿತು. ನಾನು ಕಿರುಚಿದೆ. ಓಡಿಬಂದ ಕಾರ್ಲಾಳ ಕಣ್ಣು ರಕ್ತ ಹತ್ತಿದ ಕಾಗದದ ಮೇಲೆ ಬಿತ್ತು.

“ದಿನಾ ಇದನ್ನೇ ಹಾಕ್ತಿದ್ರಾ?”

ತಲೆಯಾಡಿಸಿದೆ.

“ಇದಕ್ಕೆ ಅದೇ ವಿಷ, ಯಜಮಾನ್ರೇ. ಮಾಂಸದಿಂದ ಹುಟ್ಟೋ ನಂಜನ್ನ ಇದರ ಲಿವರ್ ಸೋಸಲ್ಲ, ಸೀದಾ ತಲೆಗೇರತ್ತೆ.”

ಅವಳು ಸೂಜಿ ಚುಚ್ಚಿದಳು, ಡ್ರಿಪ್ ಹಾಕಿದಳು. ಲೂಲೂ ಕಣ್ಣು ತೆರೆಯಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಪಕ್ಕದ ಮನೆಯವಳು ಫೋನ್ ಮಾಡಿ ವಿದಾದಳ ಕಿವಿಗೆ ಹಿಡಿದಿದ್ದಳು.

“ಲೂಲೂ… ತಿಂತಾ?”

ಲಕ್ವ ಹೊಡೆದ ಮೇಲೆ ಅವಳು ಎರಡು ಮಾತು ಜೋಡಿಸಿದ್ದು ಇದೇ ಮೊದಲು.

“ತಿಂತು ಕಣೇ,” ಎಂದೆ. “ನನ್ನ ಕೈಯಿಂದ್ಲೇ ತಿಂತು.”