ಅಯಿಕ್ವೇಯ ಬಟ್ಟಲು

ನಮ್ಮ ಅಯೋರ್ಕೋರ್ ಅಜ್ಜಿಯ ಕಾಲದಲ್ಲಿ ಏನೇನಾಯಿತು ಎಂದು ಅಕ್ರಾದ ನಮ್ಮ ಮನೆಯ ಗಂಡಸರನ್ನು ಕೇಳಿ ನೋಡಿ. ನಮ್ಮನ್ನಾಳುತ್ತಿದ್ದ ಅಕ್ವಾಮು ದೊರೆಗಳು ಸೋತು ಓಡಿದರು, ಅವರ ಜಾಗಕ್ಕೆ ಅಕ್ಯೆಮ್‌ನವರು ಬಂದರು, ಹನ್ನೆರಡು ವರ್ಷಕ್ಕೆ ಅಶಾಂಟಿ ಸೈನ್ಯ ಅವರನ್ನೂ ಬಡಿದು ಹಾಕಿತು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಸಾಕು, ಸುಮ್ಮನಿರ್ರಪ್ಪಾ! ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ ಆಕೆ. ಆಕೆಯ ಬದುಕಿನಲ್ಲಿ ಆದದ್ದು ಒಂದೇ. ಅಕ್ವಾಮು ಸೋತ ವರ್ಷ ಅವಳ ಮಗ ಅಯಿಕ್ವೇ, ಗುಲಾಮರನ್ನು ಒಯ್ಯುವ ಬಿಳಿಯರ ಹಡಗಿಗೆ ಮೀನು ಮಾರಲು ದೋಣಿಯಲ್ಲಿ ಹೋದ. ಹಡಗು ಹೊರಟುಹೋಯಿತು. ದೋಣಿ ಖಾಲಿಯಾಗಿ ದಡಕ್ಕೆ ಬಂತು.

ಹಸಿವನ್ನು ಅಣಕಿಸುವ ಹೋಮೊವೊ ಹಬ್ಬದಲ್ಲಿ ನಾವು ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಸತ್ತವರ ಹೆಸರು ಕರೆದು ನೆಲಕ್ಕೆ ಚೆಲ್ಲುತ್ತೇವೆ. ಬದುಕಿದ್ದು ದೂರ ಇರುವವರ ಪಾಲನ್ನು ಬಟ್ಟಲಲ್ಲಿ ಎತ್ತಿಡುತ್ತೇವೆ. ಅಜ್ಜಿ ಮಗನಿಗೆ ಪ್ರತಿ ವರ್ಷವೂ ಬಟ್ಟಲೇ ಇಟ್ಟಳು. ಮೇಲೊಂದು ಸಾರಿನಲ್ಲಿ ಬೆಂದ ಮೀನಿನ ತಲೆ, ಅವನಿಗೆ ಅದೆಂದರೆ ಪ್ರಾಣ.

ಅಶಾಂಟಿಗಳು ಬಂದ ವರ್ಷದ ಹಬ್ಬದಲ್ಲಿ, ಹಿಟ್ಟು ಚೆಲ್ಲುವ ಹಿರಿಯನಾದ ಅವಳ ಅಣ್ಣ ಟೆಟ್ಟೇಗೆ ತಾಳ್ಮೆ ಕೆಟ್ಟಿತು.

"ಊರೋರೆಲ್ಲ ನಗ್ತಾವ್ರೆ ಕಣೇ. ಈ ಸಲ ಅವನ ಹೆಸ್ರನ್ನೂ ಕರ್ದುಬಿಡ್ತೀನಿ."

"ಕರಿ ನೋಡೋಣ! ನನ್ ಮಗನ್ನ ಬಾಯಲ್ಲೇ ಸಾಯ್ಸೋಕೆ ನೀನ್ಯಾವನು?"

"ಸಾಯ್ಸೋದಲ್ಲ, ತಾಯಿ." ಟೆಟ್ಟೇಯ ದನಿ ತಗ್ಗಿತು. "ಒಂದ್ವೇಳೆ ಸತ್ತಿದ್ರೆ? ಹನ್ನೆರಡು ವರ್ಷದಿಂದ ಒಂದು ತುತ್ತು ಕೊಟ್ಟಿಲ್ವಲ್ಲೇ. ಸತ್ತ ನಮ್ಮೋರೆಲ್ಲ ಅಲ್ಲಿ ಉಣ್ತಿರ್ತಾರೆ, ಅವ್ನೊಬ್ಬ ಪಕ್ಕದಲ್ಲಿ ಕೂತು ನೋಡ್ತಿರ್ತಾನೆ."

ಅಜ್ಜಿ ಇದನ್ನು ಯೋಚಿಸಿರಲೇ ಇಲ್ಲ. ಒಳಗೆ ಹೋಗಿ ಮಗನ ಬಟ್ಟಲು ತಂದಳಂತೆ.

"ನೀನು ಕರೀಬೇಡ. ನಾನೇ ಕೊಡ್ತೀನಿ."

ಹಿಟ್ಟನ್ನು ಎರಡು ಪಾಲು ಮಾಡಿ ಒಂದನ್ನು ನೆಲಕ್ಕೆ ಚೆಲ್ಲಿದಳು. "ಅಲ್ಲಿದ್ರೆ ಇದನ್ನ ತಿನ್ನು ಕಂದಾ. ಎಲ್ಲಾದ್ರೂ ಬದುಕಿದ್ರೆ ಇದನ್ನ ಮುಟ್ಟಬೇಡ. ನಿನ್ ಪಾಲು ಬಟ್ಟಲಲ್ಲಿದೆ, ಬಾ."

ಮೀನಿನ ತಲೆ ಮಾತ್ರ ಒಂದೇ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ನೆಲ ನೋಡಿದಳು, ಬಟ್ಟಲು ನೋಡಿದಳು. ಸಾರೆಲ್ಲ ಮೊಣಕೈವರೆಗೆ ಇಳಿಯಿತು.

ಆಮೇಲೆ ಅದನ್ನು ಬಟ್ಟಲಿಗೆ ಹಾಕಿದಳು.

ಈಗ ಆ ಕೆಲಸ ನನ್ನದು. ಮುನ್ನೂರು ವರ್ಷದ ಮುದುಕ ಬಂದು ಮೀನು ತಿಂತಾನಾ ಎಂದು ಮೊಮ್ಮಕ್ಕಳು ಕಿಚಾಯಿಸುತ್ತಾರೆ. ಬೈದು ಓಡಿಸುತ್ತೇನೆ. ಅರ್ಧ ಹಿಟ್ಟನ್ನು ನೆಲಕ್ಕೆ ಚೆಲ್ಲುತ್ತೇನೆ. ತಲೆಯನ್ನು ಬಟ್ಟಲಿಗೇ ಹಾಕುತ್ತೇನೆ.